ನಿಂತೇ ಇರುವ ಗೂಡಿನ ಬೊಂಬೆ

ಇದನ್ನು ಬರೆಯಬೇಕೆಂದು ಪ್ರತಿ ದಸರಾದಲ್ಲೂ ಅಂದುಕೊಳ್ಳುತ್ತೇನೆ. ದೀಪಾವಳಿ ಕಳೆಯಲಿ ಅನ್ನುತ್ತೇನೆ, ಆಮೇಲೆ ಅವರೆಕಾಯಿ ಕಾಲ ಬರುತ್ತದೆ, ಮರೆತವನ ಹಾಗೆ ಇದ್ದುಬಿಡುತ್ತೇನೆ. ಮರೆತಿಲ್ಲ. ಹೇಳಲು ನಾಚಿಕೆ, ಅಷ್ಟೆ.

ಬೈರಕೂರಿನ ಹತ್ತಿರ ನಮ್ಮೂರಿನ ಗ್ರಂಥಾಲಯವನ್ನು ಬಹಳ ವರ್ಷ ನಾನೇ ನೋಡಿಕೊಂಡೆ. ಹೈಸ್ಕೂಲು ಮುಗಿಸಿದವನು, ಪುಸ್ತಕದ ಆಸೆಯವನು ಎಂದು ಊರವರು ಬೀಗದ ಕೈ ಕೊಟ್ಟಿದ್ದರು. ಆಶ್ವಯುಜ ಬಂದರೆ ಆ ಒಂದು ಕೋಣೆಯ ಚಹರೆಯೇ ಬದಲಾಗುತ್ತಿತ್ತು. ಓದುವ ಬೆಂಚುಗಳನ್ನು ಒಂದರ ಮೇಲೊಂದು ಜೋಡಿಸಿ, ಬಿಳಿ ಪಂಚೆ ಹಾಸಿ, ಬೊಂಬೆ ಕೂರಿಸುತ್ತಿದ್ದೆವು. ತಗಡಿನ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ, ಅದನ್ನೇ ಹೊಲ ಅನ್ನುತ್ತಿದ್ದೆವು. ಸರಸ್ವತಿ ಪೂಜೆಯ ದಿನ ಪುಸ್ತಕ ಮುಟ್ಟುವಂತಿಲ್ಲ. ಅವತ್ತೇ ಎಲ್ಲರಿಗೂ ಓದುವ ಚಪಲ ಹೆಚ್ಚು.

ನಮ್ಮ ಬೊಂಬೆಗಳನ್ನು ಕೊಂಡು ತಂದದ್ದಲ್ಲ. ಯಲ್ದೂರಿಗೆ ಮದುವೆಯಾಗಿ ಹೋಗಿ ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದ ನನ್ನ ತಂಗಿ ಅವುಗಳ ಗೂಡಿನಲ್ಲಿ ಮಾಡುತ್ತಿದ್ದಳು. ಚಿಟ್ಟೆ ತೂತು ಮಾಡಿಕೊಂಡು ಹಾರಿಹೋದ ಗೂಡಿನಿಂದ ನೂಲು ತೆಗೆಯಲಾಗದು, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಅವಳಿಗೆ ಬೇಕಾದದ್ದು ಅದೇ. "ಇದರಲ್ಲಿ ಯಾವ ಜೀವಾನೂ ಬೆಂದಿಲ್ಲ ಕಣಣ್ಣಾ" ಅನ್ನುತ್ತಿದ್ದಳು. ತಲೆಯ ಮೇಲೆ ಮಾವಿನ ಬುಟ್ಟಿ ಹೊತ್ತ ಹೆಂಗಸು ಅವಳಿಗೆ ತುಂಬಾ ಇಷ್ಟವಾದ ಬೊಂಬೆ. ವಿಜಯದಶಮಿಯ ಸಂಜೆ ಹಬ್ಬ ಮುಗಿಯಿತೆಂದು ಒಂದು ಬೊಂಬೆಯನ್ನು ಮಲಗಿಸುವುದು ಪದ್ಧತಿ. ಆ ಬೊಂಬೆಯನ್ನು ಮಲಗಿಸಲೆಂದೇ ಅವಳು ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿಕೊಂಡು ಬರುತ್ತಿದ್ದಳು. ಆರತಿ ಎತ್ತಿ, "ಬುಟ್ಟಿ ಇಳಿಸಿ ಪಡ್ಕೋ ತಾಯಿ, ಕತ್ತು ನೊಂದಿರ್ತದೆ" ಎಂದು ಮೆಲ್ಲಗೆ ಒರಗಿಸುತ್ತಿದ್ದಳು. ಹೆಂಗಸರು ನಗುತ್ತಿದ್ದರು. ಒಬ್ಬಿಬ್ಬರು ಕಣ್ಣೂ ಒರೆಸಿಕೊಳ್ಳುತ್ತಿದ್ದರು.

ಒಂದು ವರ್ಷ ಊರವರು ಅದೇ ಸಂಜೆ ನನಗೆ ಶಾಲು ಹೊದಿಸುತ್ತೇವೆ ಅಂದರು. ಇಷ್ಟು ವರ್ಷ ಗ್ರಂಥಾಲಯ ನಡೆಸಿದ್ದಕ್ಕೆ. ಬರುವವರು ಕೂರಲು ಬೆಂಚು ಬೇಕು; ಬೆಂಚುಗಳೆಲ್ಲ ಬೊಂಬೆಗಳ ಕೆಳಗಿವೆ. ಮಧ್ಯಾಹ್ನವೇ ಬೊಂಬೆಗಳನ್ನೆಲ್ಲ ಇಳಿಸಿ, ಹಳೆಯ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ. ಅವಳು ಬರುತ್ತಾಳೆಂದು ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ.

ಸಂಜೆ ಬಂದಳು. ಒಂದು ಕೈಯಲ್ಲಿ ಆರತಿ ತಟ್ಟೆಯ ಚೀಲ, ಇನ್ನೊಂದರಲ್ಲಿ ಎಲ್ಲರಿಗೂ ಹಂಚಲು ಕಡಲೆಕಾಳು ಗುಗ್ಗರಿಯ ಡಬ್ಬ.

"ಅಣ್ಣಾ, ನನ್ ಬೊಂಬೆ ಎಲ್ಲಿ?"

"ಮಲಗಿಸ್ಬಿಟ್ಟೆ ಕಣಮ್ಮ. ಬೆಂಚ್ ಬೇಕಾಗಿತ್ತು."

"ನಾನು ಬರೋ ತಂಕ ತಡಕೊಳ್ಳಕ್ಕೆ ಆಗ್ಲಿಲ್ವಾ?"

ಸುತ್ತ ಜನ ಇದ್ದರು. ಪಕ್ಕದ ಮನೆಯ ಗೆಳೆಯನೊಬ್ಬ, "ಏನಪ್ಪಾ, ಶಾಲು ಹಾಕ್ಸಿಕೊಳ್ಳೋ ದಿನಾನೇ ಚೆಲ್ಲೆಲು ಕೈಲಿ ಬೈಸಿಕೊಳ್ತಿದ್ದೀಯಾ" ಎಂದು, ತಂಗಿ ಅನ್ನುವುದಕ್ಕೆ ತೆಲುಗು ಬೆರೆಸಿ ರೇಗಿಸಿದ. ತಂಗಿಯ ಮುಂದೆ ನಾನು ಸಣ್ಣವನಾಗಬಾರದು ಅನ್ನಿಸಿತು. "ಲೇ, ಸಂತೇಲಿ ಯಾರೂ ಮೂಸಿ ನೋಡದ ತೂತು ಗೂಡಿಗೆ ಅದೆಷ್ಟು ಉಪಚಾರ ಮಾಡ್ತೀಯೇ" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ನಗುವನ್ನು ಇಷ್ಟು ವರ್ಷವಾದರೂ ನನ್ನಿಂದ ಅರಗಿಸಿಕೊಳ್ಳಲು ಆಗಿಲ್ಲ. ಡಬ್ಬ ಮೇಜಿನ ಮೇಲಿಟ್ಟು, "ಬಿಸಿ ಆರೋದ್ರೊಳಗೆ ಕೊಡಿ" ಅಂದು, ತಾನು ಬಂದ ಬಸ್ಸು ತಿರುಗಿ ಹೊರಟಾಗ ಅದಕ್ಕೇ ಹತ್ತಿ ಹೋದಳು. ನಾನು ಶಾಲು ಹೊದ್ದು ಕೂತು ಗುಗ್ಗರಿ ತಿಂದೆ. ಉಪ್ಪು ಖಾರ ಹದವಾಗಿತ್ತು.

ಮರುವರ್ಷ ಕರೆಯಲು ಫೋನು ಮಾಡಿದಾಗ, "ಹುಳು ಜ್ವರಕ್ಕೆ ಕೂತವೆ ಅಣ್ಣಾ, ಪೊರೆ ಬಿಡೋ ಹೊತ್ತು, ಬಿಟ್ಟು ಬರಕ್ಕಾಗಲ್ಲ" ಅಂದಳು. ಅದರ ಮುಂದಿನ ವರ್ಷವೂ ಹುಳು ಜ್ವರಕ್ಕೆ ಕೂತಿದ್ದವು. ಆಮೇಲೆ ನಾನು ಕರೆಯುವುದನ್ನು ಬಿಟ್ಟೆ. ಮದುವೆ ಮುಂಜಿಗಳಲ್ಲಿ ಸಿಗುತ್ತಾಳೆ. "ಅಣ್ಣಾ, ಒಂಚೂರು ಪಾಯಸ ಹಾಕ್ಸಿಕೋ, ಸೊರಗಿದ್ದೀಯ" ಅನ್ನುತ್ತಾಳೆ. ಸಿಟ್ಟಿದ್ದಿದ್ದರೆ ಬೈಗುಳವನ್ನಾದರೂ ತಿಂದು ಹಗುರಾಗುತ್ತಿದ್ದೆ. ತಪ್ಪಾಯಿತು ಅನ್ನುವ ಮಾತು ಬಾಯಿಯವರೆಗೂ ಬರುತ್ತದೆ. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಪಾಯಸ ಕುಡಿದು ಎದ್ದು ಬರುತ್ತೇನೆ.

ಈಗ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದಿದೆ, ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳಿದ್ದಾಳೆ. ಬೊಂಬೆ ಮಾತ್ರ ಈಗಲೂ ಕೂರಿಸುತ್ತಾರೆ. ಆ ಮಾವಿನ ಬುಟ್ಟಿಯವಳು ಈಗ ಹಳದಿಗಟ್ಟಿದ್ದಾಳೆ, ಒಂದು ತೋಳು ಸಡಿಲ. ಅವಳನ್ನು ಪ್ರತಿವರ್ಷ ನಾನೇ ಮಲಗಿಸುತ್ತಿದ್ದೆ, ಒಂದು ಮಾತೂ ಆಡದೆ. ಈ ಸಲ ಬೇಸಿಗೆಯಲ್ಲಿ ಕಾಯಿಲೆ ಬಿದ್ದು ಎದ್ದಿದ್ದೇನೆ. ಮುಂದಿನ ದಸರಾ ನನಗುಂಟೋ ಇಲ್ಲವೋ. ವಿಜಯದಶಮಿಯ ಸಂಜೆ ಅವಳನ್ನು ಮಲಗಿಸಲು ಕೈ ಚಾಚಿದೆ. ಬೊಂಬೆಯ ಭುಜ ಬೆರಳಿಗೆ ತಾಗಿತು, ಆದರೆ ಒರಗಿಸಲು ಕೈ ಬರಲಿಲ್ಲ. ಉಳಿದವನ್ನೆಲ್ಲ ಪೆಟ್ಟಿಗೆಗೆ ಹಾಕಿ ಅವಳೊಬ್ಬಳನ್ನು ಕಿಟಕಿಯ ಹತ್ತಿರ ನಿಲ್ಲಿಸಿದೆ.

ಹಬ್ಬ ಕಳೆದು ವಾರವಾದರೂ ಅವಳು ನಿಂತೇ ಇದ್ದಳು. ನಿನ್ನೆ ಆ ಹೆಣ್ಣುಮಗಳು ಕೇಳಿದಳು:

"ತಾತಾ, ಇದೊಂದನ್ನ ಯಾಕೆ ಹಂಗೇ ಬಿಟ್ಟಿದ್ದೀರ? ಮಲಗಿಸ್ಲಾ?"

"ಬೇಡಮ್ಮಾ. ಅದನ್ನ ಮಲಗಿಸೋರು ಬೇರೆ ಇದ್ದಾರೆ. ನಾಳೆ ಯಲ್ದೂರಿಗೆ ಹೋಗ್ತೀನಿ, ತಪ್ಪಾಯ್ತು ಅಂತ ಹೇಳಿ ಕರ್ಕೊಂಡು ಬರ್ತೀನಿ."

"ಯಾರ್ನ ತಾತಾ?"

ಆ ಕೋಣೆಯಲ್ಲಿ ಎಷ್ಟೋ ವರ್ಷಗಳಿಂದ ಆಡದೆ ಇದ್ದ ಮಾತನ್ನು ಆಡಿದೆ.

"ನನ್ನ ತಂಗೀನ."