ಒದ್ದೆ ತಲೆ ಮತ್ತು ಮುಚ್ಚಿದ ಕಿಟಕಿ

ನಿಶ್ ಊರಿನ ಒಂದು ಮಿದುಳು ಪ್ರಯೋಗಾಲಯದಲ್ಲಿ ಸ್ತ್ರಾಹಿನ್ಯನ ಕೆಲಸವೆಂದರೆ ಜಾರುವ ಗೆರೆಗಳನ್ನು ನೆಟ್ಟಗೆ ಮಾಡುವುದು. ಜನರ ತಲೆಗೆ ಟೋಪಿ ತೊಡಿಸಿ, ಲೋಳೆ ಮೆತ್ತಿ, ಮಿದುಳಿನ ವಿದ್ಯುತ್ತನ್ನು ಪರದೆಗೆ ಹಿಡಿದರೆ ಗೆರೆಗಳು ಮದುವೆಮನೆಯಿಂದ ಹೊರಬಿದ್ದ ಕುಡುಕರಂತೆ ಒಂದೇ ಕಡೆ ವಾಲುತ್ತಿದ್ದವು. ಇವನು ಲೆಕ್ಕದ ಹಗ್ಗ ಹಾಕಿ ಎಳೆದು ನಿಲ್ಲಿಸಬೇಕು. ತಾಯಿ ನೆರೆಹೊರೆಗೆಲ್ಲ "ನನ್ನ ಮಗ ಮಿದುಳು ತಜ್ಞ" ಎಂದು ಹೇಳಿಕೊಂಡಿದ್ದಳು. ಇವನು ತಿದ್ದಲಿಲ್ಲ. ದಿನವಿಡೀ ತಿದ್ದಿ ಬಂದವನು ಮನೆಯಲ್ಲೂ ಯಾಕೆ ತಿದ್ದಬೇಕು?

ಜುಲೈ ಕೊನೆಗೆ ಅವನ ಗುತ್ತಿಗೆ ಮುಗಿಯುವುದಿತ್ತು. ಪ್ರೊಫೆಸರ್ ಲ್ಯುಬಿಂಕಾ ನೇರವಾಗಿ ಹೇಳಿದ್ದರು: "ದೀಪ ಹತ್ತೋದನ್ನ ಕಾಯ್ತಾ ಕೂತವರ ಮಿದುಳಲ್ಲಿ ಒಂದು ಅಲೆ ನಿಧಾನಕ್ಕೆ ಏಳುತ್ತೆ. ಅದನ್ನ ತೋರಿಸು, ನೌಕರಿ ಉಳಿಯುತ್ತೆ. ಇಲ್ಲ ಅಂದ್ರೆ ನಿಮ್ಮ ಸೋದರಮಾವನ ಮಾಂಸ ಸುಡೋ ಅಂಗಡಿ ಇದ್ದೇ ಇದೆಯಲ್ಲ."

ಸ್ತ್ರಾಹಿನ್ಯ ಕಂಪ್ಯೂಟರಿನಲ್ಲಿ ಗೆರೆಗಳನ್ನು ಸೋಸುವ ಒಂದು ಭಯಂಕರ ಜರಡಿ ಬರೆದ. ನಿಧಾನವಾಗಿ ಚಲಿಸುವುದೆಲ್ಲ ಹೊರಕ್ಕೆ! ಗೆರೆಗಳು ಸಿಪಾಯಿಗಳಂತೆ ಸಾಲಾಗಿ ನಿಂತವು. ತನ್ನ ಬೆನ್ನು ತಾನೇ ತಟ್ಟಿಕೊಂಡು ಮೇಡಂಗೆ ತೋರಿಸಿದ.

"ಅಲೆ ಎಲ್ಲಪ್ಪಾ?"

"ಜಾರೋದನ್ನೆಲ್ಲ ತೆಗೆದುಬಿಟ್ಟೆ ಮೇಡಂ."

"ಅಲೆಯೂ ನಿಧಾನದ್ದೇ ಕಣಯ್ಯಾ! ಹೇನು ತೆಗಿ ಅಂದ್ರೆ ತಲೆ ಬೋಳಿಸಿ ಕಳಿಸಿದ್ದೀಯ."

ಬೋಳಿಸಿದ್ದು ತನ್ನ ಸಂಬಳವನ್ನೇ ಎಂದು ಅವನಿಗೆ ಹೊಳೆಯಿತು.

ಮರುದಿನ ಪ್ರಯೋಗಕ್ಕೆ ತಲೆ ಕೊಡಲು ಬಂದವಳು ಎಲ್ಲರೂ ಅತ್ತೆ ಎನ್ನುವ ಕೊಸಾರ, ತಂಬಾಕು ಕಾರ್ಖಾನೆಯಿಂದ ನಿವೃತ್ತಳಾದವಳು. ಅವಳ ತಲೆ ಲೋಳೆಯಿಂದ ಒದ್ದೆಯಾಯಿತು. ಸ್ತ್ರಾಹಿನ್ಯ ಎಂದಿನಂತೆ ಕಿಟಕಿ ಮುಚ್ಚಿದ, ಬಾಗಿಲು ಮುಚ್ಚಿದ. ಕೋಣೆ ಬ್ರೆಡ್ಡು ಬೇಯಿಸುವ ಒಲೆಯಾಯಿತು. ಅತ್ತೆಯ ಹಣೆಯಿಂದ ಬೆವರು ಇಳಿಯಿತು, ಪರದೆಯ ಮೇಲೆ ಗೆರೆಗಳೂ ಇಳಿದವು.

ಚರ್ಮ ಬೆವರಿದರೆ ಗೆರೆ ಜಾರುತ್ತದೆ. ಇದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದ. ಆದರೆ ಒದ್ದೆ ತಲೆಯವರ ಎದುರು ಕಿಟಕಿ ತೆರೆಯುವುದೇ? ಗಾಳಿ ಹಾಯ್ದರೆ ಮೂತಿ ಸೊಟ್ಟಗಾಗುತ್ತದೆ, ಮೂತ್ರಪಿಂಡ ಕೆಡುತ್ತದೆ ಎಂಬುದು ಅವನು ತಾಯಿಯ ಹಾಲಿನೊಂದಿಗೆ ಕುಡಿದದ್ದು. ಆ ಪಾಠದ ಮುಂದೆ ವಿಶ್ವವಿದ್ಯಾಲಯ ಯಾವ ಲೆಕ್ಕ? ಪ್ರೊಫೆಸರ್ ಕೂಡ ಒಳಬಂದಾಗಲೆಲ್ಲ ಹಿಂದೆ ಬಾಗಿಲು ಭದ್ರಪಡಿಸುತ್ತಿದ್ದರು.

"ಅತ್ತೆ, ಕಿಟಕಿ ಸ್ವಲ್ಪ ತೆಗೀಲಾ?"

"ಒದ್ದೆ ತಲೇಲಿ? ನನ್ನ ಸಾಯಿಸೋಕೆ ಸರ್ಕಾರ ನಿಂಗೆ ಸಂಬಳ ಕೊಡ್ತಾ ಇದೆಯೇನೋ?"

"ಈ ತಿಂಗಳು ಕೊಡ್ತಾ ಇದೆ. ಮುಂದಿನ ತಿಂಗಳದ್ದು ನಿಮ್ಮ ತಲೆ ಮೇಲೆ ನಿಂತಿದೆ."

ಅತ್ತೆ ಅವನನ್ನು ಅಳೆಯುವಂತೆ ನೋಡಿದಳು. "ಹಾಗಾದ್ರೆ ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ಕೂತ್ಕೋ. ಗಾಳಿ ಹೊಡೆದ್ರೆ ಮೊದಲು ನಿಂಗೆ ಹೊಡೀಲಿ. ಇನ್ನೂ ಮದುವೆ ಇಲ್ಲ, ಅಳೋರು ಕಮ್ಮಿ."

ಅವನು ಕಿಟಕಿ ತೆರೆದು, ಕಣ್ಣು ಮುಚ್ಚಿ, ಗಲ್ಲಿಗೇರುವವನ ಗಾಂಭೀರ್ಯದಿಂದ ಕುಳಿತ. ಬೆವರು ಆರಿತು. ಗೆರೆಗಳು ಯಾರೂ ಎಳೆಯದೆ ತಾವೇ ನಿಂತವು. ದೀಪ ಹತ್ತುವ ಮುನ್ನ, ಪ್ರತಿ ಸಲವೂ, ಅಲೆ ಮೆಲ್ಲಗೆ ಎದ್ದಿತು. ಎಷ್ಟೋ ತಿಂಗಳ ಲೆಕ್ಕಕ್ಕೆ ಸಿಗದದ್ದು ಒಂದು ಚಿಲಕಕ್ಕೆ ಸಿಕ್ಕಿತು.

ಮರುದಿನ ಬೆಳಿಗ್ಗೆ ಏಳುವಾಗ ಸ್ತ್ರಾಹಿನ್ಯನ ಕತ್ತು ಎಡಕ್ಕೆ ತಿರುಗಿ ಅಲ್ಲೇ ಹಿಡಿದುಕೊಂಡಿತ್ತು.

"ಕಿಟಕಿ ತೆಗೆದಿದ್ದೆ, ಅಲ್ವಾ?" ಎಂದಳು ತಾಯಿ, ಅಪರಾಧ ಸಾಬೀತಾದ ಸಂತೋಷದಲ್ಲಿ.

ಅದೇ ಭಂಗಿಯಲ್ಲಿ ಅವನು ಮೇಡಂಗೆ ಅಲೆ ತೋರಿಸಿ, ಹೊಸ ಗುತ್ತಿಗೆಗೆ ಸಹಿ ಹಾಕಿದ. ಹಿಂದಿನವರನ್ನೆಲ್ಲ ಮತ್ತೆ ಕರೆಸಿ, ಕಿಟಕಿ ತೆರೆದೇ ಅಳೆಯಬೇಕೆಂದು ಪ್ರೊಫೆಸರ್ ಅಪ್ಪಣೆ ಕೊಟ್ಟು, ಅವನ ಕತ್ತನ್ನು ನೋಡಿ ನಕ್ಕರು.

"ಎಷ್ಟು ವಾಲಿದ್ದೀಯಪ್ಪಾ! ನಿನ್ನನ್ನ ಯಾರು ನೆಟ್ಟಗೆ ಮಾಡೋದು?"

"ಯಾರಾದ್ರೂ ಮಾಡ್ಲಿ ಮೇಡಂ," ಎಂದ ಅವನು, ಗೋಡೆಯನ್ನು ನೋಡುತ್ತ. "ಆ ಜರಡಿ ಮಾತ್ರ ಬೇಡ."