ಸೊಳೆ ಭರಣಿಯ ಕಲ್ಲು

ಸತ್ಯವನ್ನು ಅರಸುವವನಿಗೆ ತೆರೆದ ಮನಸ್ಸು, ಅಚಲ ಶ್ರದ್ಧೆ ಮತ್ತು ಜೀವಮಾನದ ಸಾಧನೆ ಬೇಕೆಂದು ಬಲ್ಲವರು ಹೇಳುತ್ತಾರೆ. ಪುತ್ತೂರಿನ ನಮ್ಮ ಕೆಮಿಸ್ಟ್ರಿ ಮಾಸ್ಟ್ರು ಈ ಮೂರರ ಕೆಲಸವನ್ನೂ ಒಂದು ಅಯಸ್ಕಾಂತದಲ್ಲಿ ಮುಗಿಸುತ್ತಿದ್ದರು. ಹಾಳಾದ ರೇಡಿಯೋದ ಸ್ಪೀಕರಿನಿಂದ ಕಿತ್ತದ್ದು, ಉದ್ದಿನ ವಡೆಯ ಆಕಾರದ್ದು. ಅದರ ಭಾರಕ್ಕೆ ಅವರ ಅಂಗಿಯ ಜೇಬು ಸದಾ ಜೋತುಬಿದ್ದಿರುತ್ತಿತ್ತು. ಎಡ ಹೆಗಲೂ ಬಲಕ್ಕಿಂತ ಒಂದು ಬೆರಳು ತಗ್ಗಿದೆಯೆಂದು ನಮಗೆಲ್ಲ ಅನುಮಾನವಿತ್ತು.

ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ನ್ಯಾಯಪೀಠ ಕೂಡುತ್ತಿತ್ತು. ಪಂಚಲೋಹದ ಉಂಗುರ, ಅಜ್ಜನ ಕಾಲದ ಬೆಳ್ಳಿ ಲೋಟ, ಸಂತೆಯಲ್ಲಿ ಕೊಂಡ ಹಿತ್ತಾಳೆ ದೀಪ, ಎಲ್ಲವೂ ತೀರ್ಪಿಗೆ ಬರುತ್ತಿದ್ದವು. ‘ನಂಬುದು ಮತ್ತೆ. ಮೊದಲು ಮುಟ್ಟಿಸಿ ನೋಡುದು’ ಎನ್ನುವುದು ಪೀಠದ ಏಕೈಕ ಕಾನೂನು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ನಾನು ಡಿಗ್ರಿಯಲ್ಲಿದ್ದಾಗ ಒಂದು ಭಾನುವಾರ ಸುಳ್ಯದಾಚೆಯ ಮಂಡೆಕೋಲಿನಿಂದ ರಬ್ಬರ್ ಟ್ಯಾಪರ್ ಒಬ್ಬರು ಬಂದರು. ಕೈಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಕಪ್ಪು ಕಲ್ಲು. ಮೇಲ್ಮೈ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು. ಅವರ ಹಿಂದೆ ತಮಾಷೆ ನೋಡಲೆಂದೇ ಜೀಪು ಮಾಡಿಕೊಂಡು ಬಂದ ಊರಿನ ನಾಲ್ವರು. ಬೆಳಗಿನ ಜಾವ ಮರ ಕೆತ್ತುತ್ತಿದ್ದಾಗ ಜಾತ್ರೆಯ ಕದಿನ ಸಿಡಿದಂಥ ಸದ್ದಾಯಿತಂತೆ, ಈ ಕಲ್ಲು ಮೇಲಿನಿಂದ ಬಂದು ಮರಕ್ಕೆ ಕಟ್ಟಿದ್ದ, ರಬ್ಬರ್ ಹಾಲು ತುಂಬಿದ ತೆಂಗಿನ ಗೆರಟೆಯನ್ನು ಒಡೆದು ಮಣ್ಣಿಗೆ ಇಳಿಯಿತಂತೆ. ಕಲ್ಲು ಕೋರೆಯಿಂದ ಸಿಡಿದದ್ದೆಂದೂ, ಈತ ಆ ಬೆಳಿಗ್ಗೆ ಕುಡಿದದ್ದು ಚಾ ಅಲ್ಲವೆಂದೂ ಊರಿನ ಅಭಿಪ್ರಾಯ. ಮಾಸ್ಟ್ರು ಹೇಳಿದರೆ ಒಪ್ಪುತ್ತೇವೆ ಎಂದು ನಾಲ್ವರೂ ಮಾತು ಕೊಟ್ಟಿದ್ದರು.

ಮಾಸ್ಟ್ರು ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಕಲ್ಲಿನ ಪಕ್ಕ ಇಳಿಬಿಟ್ಟರು. ಅದು ಕದಲಲಿಲ್ಲ. ಆಕಾಶದಿಂದ ಬೀಳುವ ಕಲ್ಲಿನಲ್ಲಿ ಕಬ್ಬಿಣ ಇರಲೇಬೇಕೆಂದು ಅವರು ಮೂವತ್ತು ವರ್ಷ ನಮ್ಮಂಥವರಿಗೆ ಪಾಠ ಮಾಡಿದ್ದರು.

“ಕೋರೆಯದ್ದೇ ಮಾರಾಯ” ಎಂದರು.

ನಾಲ್ವರೂ ನಕ್ಕರು. ನಾನೂ ನಕ್ಕೆ. ಟ್ಯಾಪರ್ ಮುಂದೆ ಬಂದು ಮಾಸ್ಟ್ರ ಕೈಯಿಂದ ದಾರವನ್ನು ತೆಗೆದುಕೊಂಡು ಅಯಸ್ಕಾಂತವನ್ನು ತನ್ನ ಎದೆಗೆ ತಾಗಿಸಿದರು.

“ನನಗೂ ಹಿಡಿಯುದಿಲ್ಲ ನೋಡಿ ಮಾಸ್ಟ್ರೆ. ಹಾಗಾದರೆ ನಾನೂ ಸುಳ್ಳಾ?”

ಉತ್ತರಕ್ಕೆ ಕಾಯದೆ, ಕಲ್ಲನ್ನು ಜಗಲಿಯಲ್ಲೇ ಬಿಟ್ಟು ನಡೆದುಹೋದರು. ಅಂದಿನಿಂದ ಊರಿನಲ್ಲಿ ಅವರ ಹೆಸರು ‘ಆಕಾಶ’ ಎಂದಾಯಿತು. ಶಾಲೆಯಲ್ಲಿ ಅವರ ಮಗಳು ಆಕಾಶನ ಮಗಳಾದಳು.

ಕಲ್ಲನ್ನು ಮಾಸ್ಟ್ರ ಹೆಂಡತಿ ಒಳಗೆ ಒಯ್ದರು. ಹಲಸಿನ ಸೊಳೆಯನ್ನು ಉಪ್ಪುನೀರಿನಲ್ಲಿ ಹಾಕಿಟ್ಟ ಭರಣಿಗೆ ಒಂದು ಭಾರ ಬೇಕಿತ್ತು. ಹತ್ತಕ್ಕೂ ಹೆಚ್ಚು ವರ್ಷ ಅದು ಉಪ್ಪಿನಲ್ಲಿ ಮುಳುಗಿ ನಿಷ್ಠೆಯಿಂದ ಸೇವೆ ಸಲ್ಲಿಸಿತು. ಅಷ್ಟರಲ್ಲಿ ನಾನು ಕಲ್ಲುಗಳನ್ನೇ ಓದಿ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡತೊಡಗಿದ್ದೆ. ಒಮ್ಮೆ ಊಟಕ್ಕೆ ಹೋದಾಗ ಆಕೆ ಭರಣಿ ಬಗ್ಗಿಸುತ್ತಾ ಹೇಳಿದರು: “ಒಳ್ಳೆ ಕಲ್ಲು. ಇಷ್ಟು ವರ್ಷ ಆದರೂ ಸೊಳೆಗೆ ಒಂದು ಚೂರು ತುಕ್ಕಿನ ಕಲೆ ಇಲ್ಲ. ನಮ್ಮ ಊರಿನ ಕಲ್ಲಿನ ಹಾಗೆ ಅಲ್ಲ ಇದು.”

ಕಲ್ಲಿನ ಮುರಿದ ಅಂಚನ್ನು ನೋಡಿದೆ. ಕಪ್ಪು ಮಿರುಗು ಬರಿಯ ತೆಳು ಸಿಪ್ಪೆ, ಕರಗಿ ಹೆಪ್ಪುಗಟ್ಟಿದ್ದು; ಒಳಗೆ ನಮ್ಮ ಕಡೆಯ ಯಾವ ಕಲ್ಲಿನಲ್ಲೂ ಕಾಣದ ಹರಳುಗಳು. ಮಾಸ್ಟ್ರನ್ನು ಕೇಳಿ ಕಲ್ಲನ್ನು ದೂರದ ಪ್ರಯೋಗಾಲಯವೊಂದಕ್ಕೆ ಕಳಿಸಿದೆ.

ವರದಿ ಬಂತು. ಸೂರ್ಯಮಂಡಲ ಎಳೆಯದಾಗಿದ್ದಾಗ ಯಾವುದೋ ಪುಟ್ಟ ಗ್ರಹ ಕರಗಿ, ಅದರ ಕಬ್ಬಿಣ ಬಹುಪಾಲು ಹೊಟ್ಟೆಗೆ ಇಳಿದು, ಮೇಲೆ ಉಳಿದ ಶಿಲಾರಸ ಹೆಪ್ಪುಗಟ್ಟಿ ಆದ ಕಲ್ಲು ಅದು. ಪೈರಾಕ್ಸೀನ್, ಆಲಿವೀನ್, ಬಿಳಿಯ ಫೆಲ್ಡ್‌ಸ್ಪಾರ್ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಆಲಿವೀನಿನಲ್ಲಿ ಕೂಡ ಕ್ಯಾಲ್ಸಿಯಂ ವಿಪರೀತ. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಅದರ ಆಮ್ಲಜನಕದ ಲೆಕ್ಕ ಭೂಮಿಯ ಯಾವ ಕಲ್ಲಿಗೂ ಹೊಂದುವುದಿಲ್ಲ. ಅಯಸ್ಕಾಂತಕ್ಕೆ ಹಿಡಿಯದ ಆಕಾಶದ ಕಲ್ಲುಗಳು ಕೆಲವೇ ಜಾತಿ. ಇದು ಅವುಗಳಲ್ಲಿಯೂ ಅಪರೂಪದ್ದು. ಕೊನೆಗೊಂದು ಷರಾ: ‘ಹೊರಮೈಯಲ್ಲಿ ಮಾತ್ರ ಉಪ್ಪು ಧಾರಾಳವಾಗಿದೆ. ಕಾರಣ ತಿಳಿದಿಲ್ಲ.’

ಕಾರಣ ತಿಳಿದಿದ್ದವರು ಅಡುಗೆಮನೆಯಲ್ಲಿದ್ದರು. ವರದಿಯನ್ನು ಜಗಲಿಯಲ್ಲಿ ಓದಿ ಹೇಳಿದಾಗ ಮಾಸ್ಟ್ರು ನಗಲಿಲ್ಲ. ವರದಿಯ ಜೊತೆ ಬಂದ ಫಾರಂನಲ್ಲಿ ‘ಬೀಳುವುದನ್ನು ಕಂಡವರು’ ಎಂಬಲ್ಲಿ ಟ್ಯಾಪರ್ ಹೆಸರನ್ನು ಬರೆದು, ಅದರ ಕೆಳಗೆ ಸ್ಕೇಲು ಇಟ್ಟು ಹೊಸದೊಂದು ಗೆರೆ ಎಳೆದರು. ‘ಸುಳ್ಳೆಂದವರು’ ಎಂದು ಬರೆದು ಅಲ್ಲಿ ತಮ್ಮ ಸಹಿ ಹಾಕಿದರು.

ಮರುದಿನವೇ ಬೆಳ್ಳಾರೆ, ಸುಳ್ಯ ಎಂದು ಬಸ್ಸು ಬದಲಿಸುತ್ತಾ ಮಂಡೆಕೋಲಿಗೆ ಹೋದೆವು. ಟ್ಯಾಪರ್ ದನದ ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೊರಟಿದ್ದರು. ಮಾಸ್ಟ್ರು ದಾರಿಯಲ್ಲೇ ನಿಂತು ಎಲ್ಲವನ್ನೂ ಹೇಳಿದರು. ಅವರು ಕ್ಯಾನನ್ನು ಕೆಳಗಿಡದೆ ಕೇಳಿದರು.

“ನನಗೆ ಎಂತಕ್ಕೆ ಹೇಳುದು ಮಾಸ್ಟ್ರೆ? ನಾನು ಕಂಡವ. ಅವತ್ತು ಜೀಪಿನಲ್ಲಿ ಬಂದವರಿಗೆ ಹೇಳಿ.”

ಆ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು. ಒಬ್ಬರು ಗುಂಡ್ಯದಲ್ಲಿ ಹೋಟೆಲು ಇಟ್ಟಿದ್ದರು. ಉಳಿದೊಬ್ಬರು ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದರು. ಮಾಸ್ಟ್ರು ಟ್ಯಾಪರ್ ಜೊತೆಯೇ ಅಲ್ಲಿಗೆ ನಡೆದು, ಕ್ಯೂ ನಿಂತಿದ್ದವರೆಲ್ಲರ ಎದುರು, ಕ್ಲಾಸಿನಲ್ಲಿ ನಿಲ್ಲುವ ಹಾಗೆ ನಿಂತು, “ಇವರು ಹೇಳಿದ್ದು ಸತ್ಯ. ನಾನು ಹೇಳಿದ್ದು ಸುಳ್ಳು” ಎಂದರು.

ಹಾಲು ಅಳೆಯುವವರಿಗೆ ಮುಜುಗರವಾಯಿತು. “ಅದಕ್ಕೆಂತ ಮಾಸ್ಟ್ರೆ, ನಾವು ತಮಾಷೆಗೆ ಹೇಳುದಲ್ವಾ” ಎಂದು, ಕ್ಯೂವಿನ ಹಿಂಭಾಗಕ್ಕೆ ಕೂಗಿದರು: “ಓ ಆಕಾಶ, ಮಾಸ್ಟ್ರಿಗೆ ಒಂದು ಚಾ ಹೇಳು.”

ಚಾ ಬಂತು. ಮಾಸ್ಟ್ರು ಕುಡಿದರು. ತಂದುಕೊಟ್ಟವರ ಮುಖ ನೋಡಲಿಲ್ಲ.

ವಾಪಸ್ಸು ಬರುವಾಗ ಬೆಳ್ಳಾರೆಯಲ್ಲಿ ಬಸ್ಸಿಗೆ ಕಾದು ಕೂತೆವು. ಅಲ್ಲಿ ಮಾಸ್ಟ್ರು ಜೇಬಿನಿಂದ ಅಯಸ್ಕಾಂತವನ್ನು ತೆಗೆದು ನನ್ನ ಕೈಗಿಟ್ಟು, “ಇನ್ನೂ ಎಷ್ಟು ಜನರನ್ನು ಹೀಗೆ ಕಳಿಸಿದ್ದೇನೋ” ಎಂದರು. ಆಮೇಲೆ ಭಾನುವಾರ ಯಾರು ಬಂದರೂ ನೆನಪಿಗೆ ಬಂದ ಹಳೆಯ ತೀರ್ಪುಗಳನ್ನು ಒಂದೊಂದಾಗಿ ಹೇಳಿ, ಆ ಉಂಗುರದವರು ಈಗ ಎಲ್ಲಿದ್ದಾರೆ, ಆ ದೀಪದವರು ಎಲ್ಲಿದ್ದಾರೆ ಎಂದು ವಿಚಾರಿಸುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ಜೇಬು ಖಾಲಿಯಾಗಿದ್ದರೂ ಹೆಗಲು ಮೇಲೇಳಲಿಲ್ಲ.

ಆ ಮಳೆಗಾಲದ ಕೊನೆಗೆ ಮಾಸ್ಟ್ರು ತೀರಿಕೊಂಡರು. ಅಯಸ್ಕಾಂತ ನನ್ನ ಮೇಜಿನ ಡ್ರಾಯರಿನಲ್ಲಿದೆ. ಕಲ್ಲು ಪ್ರಯೋಗಾಲಯದಲ್ಲಿದೆ, ಕಂಡವರ ಹೆಸರು ಅಲ್ಲಿ ಸರಿಯಾಗಿ ದಾಖಲಾಗಿದೆ. ಮಂಡೆಕೋಲಿನಲ್ಲಿ ಅವರನ್ನು ಈಗಲೂ ಆಕಾಶ ಎಂದೇ ಕರೆಯುತ್ತಾರೆ.