ಕೊಸರಜ್ಜಿಯ ಅಳತೆ

ಹಾಲಿನಂಗಡಿಯ ಅಜ್ಜಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕೊಸರಜ್ಜಿ ಎಂದೇ. ಅಳತೆ ತುಂಬಿ ಸುರಿದ ಮೇಲೂ ಪಾತ್ರೆಗೆ ಕೊಸರೆಂದು ಇನ್ನೊಂದು ಧಾರೆ ಬೀಳದಿದ್ದರೆ ಅವಳ ಕೈಗೆ ಸಮಾಧಾನವಿಲ್ಲ. "ಅಳೆದಷ್ಟೇ ಕೊಡೋಕೆ ನಾನೇನು ಯಂತ್ರಾನಾ?" ಎನ್ನುತ್ತಿದ್ದಳು.

ಆ ಕೈ ಎಡವಿದ್ದು ಮೊಮ್ಮಗಳ ವಿಷಯದಲ್ಲಿ.

ಹುಟ್ಟಿದ ವಾರದಲ್ಲೇ ಮಗುವಿಗೆ ಫಿಟ್ಸ್ ಹಿಡಿದಿತ್ತು. ಯಾವ ಮದ್ದಿಗೂ ಜಗ್ಗದೆ, ಕೊನೆಗೆ ಬಿ6 ವಿಟಮಿನ್ನಿಗೆ ಬಗ್ಗಿತು. ಈಗ ಅವಳು ಪಟಪಟ ಮಾತಾಡುವ ಚಿನಕುರುಳಿ. ಮಾತ್ರೆ ತಪ್ಪುವಂತಿಲ್ಲ, ಊಟ ಅಳತೆ ಮೀರುವಂತಿಲ್ಲ. ಸೊಸೆ ಮತ್ತೆ ಕೆಲಸಕ್ಕೆ ಸೇರಿದ್ದಳು, ಹಗಲೆಲ್ಲ ಮಗು ಅಜ್ಜಿಯ ಬಳಿ. ಸೊಸೆ ಅಳೆದಿಟ್ಟ ಹಾಲಿನ ಮೇಲೆ ಅಜ್ಜಿ ಒಂದು ಗುಟುಕು ಸೇರಿಸುವಳು. ಊರಿಗೆಲ್ಲ ಕೊಸರು, ಮನೆಯ ಕೂಸಿಗಿಲ್ಲವೇ?

ಒಂದು ಸಂಜೆ ತಾಯಿ ಕೊಟ್ಟ ಹಾಲನ್ನು ಕುಡಿದು ಮಗು ಲೋಟ ಚಾಚಿತು. "ಅಮ್ಮಾ, ಕೊಸರು!"

ಸೊಸೆಯ ಮುಖ ಕೆಂಪೇರಿತು. "ಅತ್ತೆ, ದಿನಾ ಹೀಗೇನಾ?"

"ಒಂದೇ ಗುಟುಕು ಕಣೇ. ಹಾಲೇನು ವಿಷಾನಾ?"

"ಜಾಸ್ತಿಯಾದ್ರೆ ಇವಳಿಗೆ ವಿಷಾನೇ. ಹಾಲಲ್ಲಿ ಲೈಸೀನ್ ಅಂತ ಅಮೈನೋ ಆಮ್ಲ ಇದೆ. ನಮ್ಮ ಮೈ ಅದನ್ನ ಪೂರ್ತಿ ಒಡೆದು ಹಾಕುತ್ತೆ. ಇವಳ ಮೈಯಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತೆ, ಉಳಿದ ಕಸ ಬಿ6 ಅನ್ನ ಕಟ್ಟಿಹಾಕುತ್ತೆ. ಫಿಟ್ಸ್ ಬಂದದ್ದು ಅದಕ್ಕೇ. ಮಾತ್ರೆ ಫಿಟ್ಸ್ ತಡೆಯುತ್ತೆ ಅತ್ತೆ, ಕಸ ತುಂಬೋದನ್ನಲ್ಲ. ಅದು ಮಿದುಳಿಗೆ ಕೆಟ್ಟದ್ದು."

"ಹಾಗಾದ್ರೆ ಹಾಲೇ ಬೇಡ ಬಿಡು."

"ಬೆಳೆಯೋಕೆ ಅದೂ ಬೇಕು. ಆದ್ರೆ ಇಷ್ಟೇ. ನಿಮ್ಮ ಕೈಲಾಗದಿದ್ರೆ ಹೇಳಿ, ಕೆಲಸ ಬಿಟ್ಟು ನಾನೇ ನೋಡ್ಕೋತೀನಿ."

ಅಜ್ಜಿ ಸೆರಗು ಬಿಗಿದಳು. "ಜೀವಮಾನವೆಲ್ಲ ಹಾಲು ಅಳೆದವಳಿಗೆ ನೀನು ಅಳತೆ ಕಲಿಸ್ತೀಯಾ? ನಾಳೆ ನೋಡು!"

ಮರುದಿನ ಸೊಸೆ ಕೆಲಸಕ್ಕೆ ಹೊರಟವಳು ಅಂಗಡಿಯ ಬಾಗಿಲಲ್ಲೇ ನಿಂತಳು. ಮಗು ಹಾಲು ಕುಡಿದು ಲೋಟ ಚಾಚಿತು. ಅಜ್ಜಿಯ ಕೈ ತಾನಾಗಿ ಕ್ಯಾನಿನತ್ತ ಹೋಯಿತು, ನಡುವೆಯೇ ನಿಂತಿತು. ಅವಳು ಖಾಲಿ ಲೋಟ ತೆಗೆದಿಟ್ಟು, ಮಗುವನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸಿ, ಪುಟ್ಟ ಸೌಟನ್ನು ಅದರ ಕೈಗಿತ್ತಳು.

"ಕೊಸರು ಕುಡಿಯೋರದ್ದಲ್ಲ ಪುಟ್ಟಿ, ಕೊಡೋರದ್ದು. ನೀನೀಗ ಯಜಮಾನಿ."

ಪಾತ್ರೆ ಹಿಡಿದು ಬಂದ ಚಪ್ಪಲಿ ಹೊಲಿಯುವವನಿಗೆ ಅಜ್ಜಿ ಹಾಲು ಅಳೆದಳು. ಮಗು ನಾಲಿಗೆ ಕಚ್ಚಿಕೊಂಡು, ಸೌಟಿನಿಂದ ಮೇಲೊಂದಿಷ್ಟು ಸುರಿಯಿತು.

"ಅಬ್ಬಾ, ಅಜ್ಜಿಗಿಂತ ನಿನ್ನ ಕೈ ದೊಡ್ಡದು ಕಣಮ್ಮ!" ಎಂದ ಅವನು.

ಮಗು ಬೀಗಿತು. ಸೊಸೆ ಚೀಲವನ್ನು ಹೆಗಲಿಗೇರಿಸಿ, "ಬರ್ತೀನಿ ಅತ್ತೆ" ಎಂದು ಮೆಟ್ಟಿಲಿಳಿದಳು.